ಏರಿನ ಮೇಲಿನ ಕಲ್ಲು

"ಯಪ್ಪಾ, ಯಾರರ ಬಂದು ಜರಾ ಕೈ ಹಚ್ಚ್ರೀ!"

ಹೊಸ ಫಾಟಕಿನ ಹೊರಗೆ ಭೀಮಬಾಯಿ ಜಾಲಿಮುಳ್ಳಿನ ಹೊರೆ ಹೊತ್ತು ನಿಂತಿದ್ದಳು. ಕಚೇರಿಗೆ ಹೊರಟಿದ್ದ ಗುಮಾಸ್ತ ಗುರುಲಿಂಗಪ್ಪ ಶೇರವಾನಿಯ ಗುಂಡಿ ಹಾಕಿಕೊಳ್ಳುತ್ತಲೇ ಅಂಗಳಕ್ಕೆ ಬಂದ. ಮನೆಯ ಸುತ್ತ ಬೇಲಿ ಮುಗಿದು, ಒಂದು ಸಂದಿ ಮಾತ್ರ ಉಳಿದಿತ್ತು. ಅದಕ್ಕೆ ಬೇಕಾದ ಮುಳ್ಳು ಇದು. ನೆಂಟರ ಮದುವೆಗೆ ಮಹಾಗಾಂವಕ್ಕೆ ಹೋಗಿದ್ದ ಭೀಮಬಾಯಿ ಎಂಟು ದಿನದ ಮೇಲೆ ಇವತ್ತೇ ಬಂದಿದ್ದಳು.

ಗುರುಲಿಂಗಪ್ಪ ಎರಡು ಹೆಜ್ಜೆ ಮುಂದಿಟ್ಟು ನಿಂತ. ಮುಳ್ಳಿಗೆ ಹಿಂಜರಿದನೋ, ಮುಟ್ಟುವುದಕ್ಕೆ ಹಿಂಜರಿದನೋ, ಅವನಿಗೇ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ಮತ್ತೆ ಕರೆಯದೆ ತಲೆ ಒಲೆದು ಹೊರೆಯನ್ನು ಕೆಡವಿದಳು. ಜಾರುವಾಗ ಒಂದು ಮುಳ್ಳು ಕಿವಿಯಿಂದ ಹೆಗಲಿನವರೆಗೆ ಗೀರಿಕೊಂಡು ಹೋಯಿತು.

"ಅಯ್ಯ, ರಕ್ತ ಬಂತಲ್ಲ!" ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಅವನ ಹೆಂಡತಿ ಸೂಗಮ್ಮ ಮೊರ ಬಿಟ್ಟು ಎದ್ದಳು. "ದಿನಾ ಹೂವಿನ ಬುಟ್ಟಿ ಇಳಿಸಿದಂಗ ಇಳಸಾಕಿ, ಇವತ್ತೇನಾತ ನಿನಗ?"

"ಏನ್ ಹೇಳಲ್ರಿ ಅವ್ವಾರ. ಕಮಲಾಪುರ ರಸ್ತೆ ಏರಿನ ಮ್ಯಾಲ ಹೊರಿ ಇಳಸೂ ಕಲ್ಲಿತ್ತಲ್ರಿ, ಯಾರೋ ಕಿತಗೊಂಡು ಹೋಗ್ಯಾರ. ಎಲ್ಲೂ ನಿಂದರದ ಬಂದೀನಿ. ಕುತಗಿ ಸತ್ತು ಹೋಗ್ಯದ."

"ದಾರ್ಯಾಗ ಯಾರಿಗರ ಕೇಳಬೇಕಿಲ್ಲ?"

ಭೀಮಬಾಯಿ ನಕ್ಕಳು. "ನಮ್ಮ ಹೊರಿಗಿ ಕೈ ಹಚ್ಚವರು ಯಾರ ಅದಾರ್ರಿ? ಆ ಕಲ್ಲ ಒಂದೇ ಹಚ್ತಿತ್ತು."

ಗುರುಲಿಂಗಪ್ಪ ನೆಲ ನೋಡಿದ. ಅವನ ಕಾಲ ಮುಂದೆಯೇ, ಫಾಟಕಿನ ಅಡಿಯಲ್ಲಿ, ಆ ಕಲ್ಲು ಹೊಸ್ತಿಲಾಗಿ ಮಲಗಿತ್ತು. ಏರಿನ ಮೇಲಿದ್ದಾಗ ಅದು ಎರಡು ಕಂಬ, ಅವುಗಳ ಮೇಲೆ ಕುತ್ತಿಗೆಯೆತ್ತರಕ್ಕೆ ಅಡ್ಡಲಾಗಿ ಒಂದು ಹಾಸುಗಲ್ಲು. ದೊಡ್ಡ ಸಾಹೇಬರ ಬಂಗಲೆಗಿದ್ದಂಥ ಕಲ್ಲುಕಂಬದ ಫಾಟಕು ತನಗೂ ಬೇಕೆನಿಸಿದಾಗ ಅವನಿಗೆ ಅದೇ ನೆನಪಾಗಿತ್ತು. ಈಗೆಲ್ಲ ಬಂಡಿಗಳಾಗಿವೆ, ತಲೆ ಮೇಲೆ ಹೊರುವವರು ಯಾರಿದ್ದಾರೆ ಎಂದು ತನಗೆ ತಾನೇ ಹೇಳಿಕೊಂಡು, ಬಂಡಿಯ ಹುಸೇನನಿಗೆ ತೋರಿಸಿ ತರಿಸಿಕೊಂಡಿದ್ದ. ಈಗ ಕಂಬಗಳು ಸುಣ್ಣ ಬಳಿದುಕೊಂಡು ಆಚೀಚೆ ನಿಂತಿದ್ದವು. ಹಾಸಿನ ಮೇಲೆ ಅಕ್ಷರ ಕೊರೆದಿದ್ದರು. "ಆ ಬದಿ ಕೆಳಗ ಮಾಡಿ ಹಾಕು" ಎಂದು ಗೌಂಡಿ ಯಂಕಪ್ಪನಿಗೆ ಹೇಳುವಾಗ ಗುರುಲಿಂಗಪ್ಪ ಬೇರೆ ಕಡೆ ನೋಡಿದ್ದ. ಕಮಲಾಪುರದಿಂದ ಅವ್ವನ ಜೊತೆ ನಡೆದು ಬರುತ್ತಿದ್ದ ದಿನಗಳಲ್ಲಿ, ಅವಳು ಜೋಳದ ಗಂಟು ಆ ಕಲ್ಲಿನ ಮೇಲಿಟ್ಟು ಬೆವರು ಒರೆಸಿಕೊಳ್ಳುವಾಗ, ಅವನು ಮೊಟ್ಟಮೊದಲು ಕೂಡಿಸಿ ಓದಿದ ಅಕ್ಷರಗಳು ಅವೇ.

"ಧಣೇರ, ನೀವು ಸರಕಾರಿ ಕಚೇರ್ಯಾಗ ಇರವರು," ಭೀಮಬಾಯಿ ಸೆರಗಿನಿಂದ ರಕ್ತ ಒತ್ತಿಕೊಳ್ಳುತ್ತ ಅಂದಳು. "ಆ ಕಲ್ಲಿಂದು ಒಂದು ಅರ್ಜಿ ಬರದು ಕೊಡ್ರಲ್ಲ. ನಮ್ಮ ಕೇರಿ ಹೆಣ್ಮಕ್ಕಳೆಲ್ಲ ಹೆಬ್ಬಟ್ಟು ಒತ್ತತೀವಿ."

"ಬರದು ಕೊಡ್ರೀ ಪಾಪ," ಸೂಗಮ್ಮನೂ ಅಂದಳು.

ಆಗುವುದಿಲ್ಲ ಎನ್ನಲು ಒಂದು ಕಾರಣ ಹುಡುಕಿದ, ಸಿಗಲಿಲ್ಲ. ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಕಾಗದವಿಟ್ಟುಕೊಂಡು, ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಬರೆಯತೊಡಗಿದ. ಲೇಖನಿ ಓಡತೊಡಗಿದ ಮೇಲೆ ಅದು ಯಾರ ಫಾಟಕಿನ ಕಲ್ಲೆಂಬುದೇ ಮರೆತಂತಾಯಿತು. ಹನ್ನೆರಡು ವರ್ಷದ ಚಾಕರಿಯಲ್ಲಿ ಅವನ ಅರ್ಜಿಯಲ್ಲಿ ಒಂದು ತಪ್ಪು ಹಿಡಿದವರಿಲ್ಲ.

"ಓದಿ ಹೇಳ್ರಿ, ಕೇಳತೀನಿ," ಅಂದಳು ಭೀಮಬಾಯಿ.

ಅವನು ಕನ್ನಡದಲ್ಲಿ ಹೇಳುತ್ತ ಹೋದ. "ಕಮಲಾಪುರದ ರಸ್ತೆ. ಊರಿಂದ ಒಂದು ಹರದಾರಿ. ಕಂಬ ಎರಡು, ಎಡಗಡೆ ಕಂಬದ ಮೂಲಿ ಒಡದದ. ಹಾಸು ಒಂದು, ಉದ್ದ ಐದು ಮೊಳ ನಾಲ್ಕು ಬೆರಳು. ಮ್ಯಾಲ 'ಹೊತ್ತವರು ಇಳಿಸಿರಿ' ಅಂತ ಬರದದ..."

ಅಲ್ಲಿಗೆ ಅವನ ನಾಲಿಗೆ ನಿಂತಿತು.

ಭೀಮಬಾಯಿ ತಲೆಯೆತ್ತಿದಳು. ಎಡಗಡೆಯ ಕಂಬವನ್ನು ನೋಡಿದಳು. ಮೂಲೆಯ ಒಡಕಿಗೆ ಸುಣ್ಣ ದಪ್ಪಗೆ ಮೆತ್ತಿಕೊಂಡಿತ್ತು. ಆಮೇಲೆ ಕಾಲ ಬಳಿಯ ಹಾಸನ್ನು ನೋಡಿದಳು.

"ನಾ ಅಳತಿ ಹೇಳಿರಲಿಲ್ರಿ, ಧಣೇರ," ಅಂದಳು ಮೆಲ್ಲಗೆ.

ಗುರುಲಿಂಗಪ್ಪ ಮತ್ತೆ ಕಾಗದದ ಮೇಲೆ ಬಗ್ಗಿದ. "ಒಯ್ದವರ ಹೆಸರು..." ಎಂದ, ಏನೋ ಒಂದು ಅನ್ನಬೇಕೆಂದು.

"ಅದು ಬ್ಯಾಡ್ರಿ. ಅರ್ಜ್ಯಾಗ ಆ ಜಾಗ ಖಾಲಿ ಬಿಡ್ರಿ. ಕಲ್ಲು ತಿರುಗಿ ಬಂದ್ರ ಸಾಕು, ನಮಗ ಹೆಸರು ತಗೊಂಡು ಏನ್ ಮಾಡೂದದ?"

ಅವಳು ಬಗ್ಗಿ ಹಾಸುಗಲ್ಲನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ತಲೆಗಿಟ್ಟುಕೊಳ್ಳುವ ಬಟ್ಟೆಯ ಸಿಂಬಿಯನ್ನು ಕೊಡವಿ, ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

"ಭಾಳ ನೇಮದಾಕಿ ನೋಡ್ರಿ," ಸೂಗಮ್ಮ ಮೊರ ಎತ್ತಿಕೊಂಡಳು, "ಮಂದಿ ಮನಿ ಫಾಟಕಿಗೂ ಕೈ ಮುಗದು ಹೋದ್ಳು."

ಗುರುಲಿಂಗಪ್ಪ ಅರ್ಜಿಯನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡ. ಕಚೇರಿಗೆ ಹೊತ್ತಾಗಿತ್ತು. ಫಾಟಕು ತೆರೆದ, ಹಾಸಿನ ಮೇಲಿಡಲು ಕಾಲೆತ್ತಿದ, ಮತ್ತೆ ಈಚೆಗೇ ಇಟ್ಟ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಮತ್ತೊಮ್ಮೆ ಕಾಲೆತ್ತಿದ. ಆಗಲಿಲ್ಲ. ತಿರುಗಿ ಮಲ್ಲಿಗೆ ಬಳ್ಳಿಯ ಪಕ್ಕದಿಂದ ನಡೆದು, ಬೇಲಿಯಲ್ಲಿ ಉಳಿದಿದ್ದ ಆ ಸಂದಿಯಲ್ಲಿ ಮೈ ತೂರಿಸಿದ. ಮುಳ್ಳು ಶೇರವಾನಿಯನ್ನು ಹಿಡಿದು ನಿಲ್ಲಿಸಿತು.

ಸೂಗಮ್ಮ ಕಟ್ಟೆಯಿಂದ ಕೂಗಿದಳು. "ಇದೇನ್ರೀ! ಅಷ್ಟು ಹೌಸಿಲೆ ಫಾಟಕ ಹಚ್ಚಿಸಿ, ನಿಮ್ಮ ಮನ್ಯಾಗಿಂದ ನೀವೇ ಕಳ್ಳರಂಗ ಹೊಂಟೀರಲ್ಲ!"