ಒಂದೇ ನಕ್ಷತ್ರ

“ಈ ಅಂಗಿಯನ್ನು ನೀವು ಹಾಕಿಕೊಂಡಿದ್ದೀರಿ ಸರ್.”

ಫೋನಿನ ಪರದೆಯ ಮೇಲೆ ಆ ಸಾಲು ಮೂಡಿದ್ದೇ ತಡ, ಸೋಫಾದ ಮೇಲೆ ಬಿದ್ದುಕೊಂಡಿದ್ದವನು ಎದ್ದು ಕುಳಿತ. ಹಾಕಿಕೊಂಡದ್ದು ನಿಜ. ಸಂದರ್ಶನಕ್ಕೆಂದು ತರಿಸಿ, ಬೆಲೆಚೀಟಿ ಕತ್ತರಿಸದೆ ಒಳಗೆ ಮಡಚಿಕೊಂಡು, ಅದೇ ಅಂಗಿಯಲ್ಲಿ ಮೂರು ಕಡೆ ಹೋಗಿ ಬಂದಿದ್ದ. ಮೂರೂ ಕಡೆ ‘ತಿಳಿಸುತ್ತೇವೆ’ ಎಂದಿದ್ದರು. ಯಾರೂ ತಿಳಿಸಲಿಲ್ಲ. ಈಗ ತೋಳಿನ ಹೊಲಿಗೆ ಸರಿಯಿಲ್ಲವೆಂದು ಫೋಟೋ ಕಳಿಸಿ, ಅಂಗಿ ವಾಪಸ್ ತೆಗೆದುಕೊಳ್ಳಿ ಎಂದು ದುಡ್ಡು ಹಿಂದಕ್ಕೆ ಕೇಳುತ್ತಿದ್ದ.

“ಯಾರು ಹೇಳಿದ್ದು ನಿನಗೆ?” ಎಂದು ಕುಟ್ಟಿದ.

“ಕಾಲರಿನ ಒಳಗಡೆ ಬೆವರಿನ ಕಲೆ ಇದೆ ಸರ್.”

ತಾನು ಕಳಿಸಿದ್ದ ಫೋಟೋ ತೆಗೆದು ನೋಡಿದ. ಅದರಲ್ಲಿ ಕಾಲರೇ ಇರಲಿಲ್ಲ. ಕತ್ತಲಲ್ಲಿ ಕಲ್ಲೆಸೆದು ನೋಡುತ್ತಿದ್ದಾನೆ, ಈ ಸೆಕೆಯಲ್ಲಿ ಯಾರ ಕಾಲರಿಗೆ ಕಲೆಯಾಗುವುದಿಲ್ಲ ಎಂದುಕೊಂಡ. ಆದರೂ ಕಿವಿ ಬಿಸಿಯಾಯಿತು.

ಆ ಆನ್‌ಲೈನ್ ಅಂಗಡಿಯವರು ದೂರು ಕೇಳುವ ಸಿಬ್ಬಂದಿಗೆಲ್ಲ ‘ಮಿತ್ರ’ ಎಂದೇ ಹೆಸರಿಟ್ಟಿದ್ದರು. ಮುಖವಿಲ್ಲ, ದನಿಯಿಲ್ಲ, ಬರೀ ಅಕ್ಷರ. ಒಂದು ದೂರು ಯಾವ ಮಿತ್ರನ ಪಾಲಿಗೆ ಬಂತೋ, ಮುಗಿಯುವವರೆಗೂ ಅದು ಅವನದೇ ತಲೆನೋವು. ಹಾಗಾಗಿ ವಾರದಿಂದ ಇವರಿಬ್ಬರದೂ ಜಟಾಪಟಿ. ಮಾತು ಮುಗಿದಾಗಲೆಲ್ಲ ಪರದೆ ಐದು ನಕ್ಷತ್ರ ತೋರಿಸಿ, ಸೇವೆ ಹೇಗಿತ್ತೆಂದು ಕೇಳುತ್ತಿತ್ತು. ಇವನು ಪ್ರತಿ ಸಲವೂ ಒಂದೇ ಒಂದನ್ನು ಒತ್ತುತ್ತಿದ್ದ.

ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ. ಇವನಾದರೂ ಇನ್ನೇನು ಮಾಡಬೇಕು? ಫ್ರಿಜ್ಜು, ವಾಷಿಂಗ್ ಮಷೀನು ಮಾರುವ ದೊಡ್ಡ ಅಂಗಡಿಯಲ್ಲಿ ಸೂಪರ್‌ವೈಸರ್ ಆಗಿದ್ದವನು. ಯಾವಳೋ ಒಬ್ಬಳು ಗಿರಾಕಿ ಇಂಟರ್‌ನೆಟ್ಟಿನಲ್ಲಿ ಅವನ ಜನ್ಮ ಜಾಲಾಡಿದಳು. ಮಾಲೀಕ ಮರುದಿನವೇ ಮನೆಗೆ ಕಳಿಸಿದ. ಈಗ ಇವನೇ ಗಿರಾಕಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಬೇಕಿತ್ತು, ಕೊತ್ತಿ ತಾನಾಗಿ ಸಿಕ್ಕಿತ್ತು.

ಅಂದಿನಿಂದ ಹೆಂಡತಿ ದುಡಿಯಲು ಹೋಗುತ್ತಿದ್ದಳು. ಬಾಡಿಗೆ, ಮಗಳ ಶಾಲೆ, ಅವನ ಫೋನಿನ ಡೇಟಾ ಎಲ್ಲವೂ ಅವಳ ಸಂಬಳದಲ್ಲೇ. ಅದೇ ಅವನಿಗೆ ಉರಿ. ಮೊದಲ ದಿನ ಏನೋ ಹೇಳಲು ಬಂದವಳಿಗೆ, “ನಿನ್ನ ಆಫೀಸ್ ಪುರಾಣ ಹೊಸಿಲಾಚೆ ಬಿಟ್ಟು ಬಾ” ಎಂದಿದ್ದ. ಅವಳು ಬಿಟ್ಟೇ ಬರುತ್ತಿದ್ದಳು. ಇವತ್ತು ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ, “ಇವತ್ತೊಂದಿನ ಯಾರ ಮೇಲೂ ರೇಗಬೇಡಿ” ಎಂದಳು.

“ನಿನ್ನ ಮೇಲೆ ರೇಗಿದ್ನಾ?”

“ಇನ್ನೂ ಟೈಮಿದೆ,” ಎಂದು ಬಾಗಿಲೆಳೆದುಕೊಂಡು ಹೋದಳು.

ಪರದೆಯ ಮೇಲೆ ಮಿತ್ರ ಕಾಯುತ್ತಿದ್ದ.

“ನನ್ನನ್ನು ಸುಳ್ಳುಗಾರ ಅಂತೀಯಾ?”

“ಇಲ್ಲ ಸರ್. ಹಾಕಿಕೊಂಡ ಬಟ್ಟೆಗೆ ಹಣ ವಾಪಸ್ ಕೊಡುವ ಹಾಗಿಲ್ಲ. ಗೊತ್ತಿದ್ದೂ ಮಂಜೂರು ಮಾಡಿದರೆ ತಪ್ಪು ನನ್ನದಾಗುತ್ತದೆ.”

ಅವನು ಆ ಮಾತುಗಳ ಚಿತ್ರ ತೆಗೆದು ತನ್ನ ಪುಟದಲ್ಲಿ ಹಾಕಿದ. ಕಲೆಯ ಮಾತನ್ನೂ ‘ಇಲ್ಲ ಸರ್’ ಎಂಬುದನ್ನೂ ಕತ್ತರಿಸಿ, ‘ಗಿರಾಕಿಯನ್ನು ಕಳ್ಳ ಎನ್ನುವ ಸೊಕ್ಕು ನೋಡಿ’ ಎಂದು ತಲೆಬರಹ ಕೊಟ್ಟ. ಕಾಫಿ ಕಾಯಿಸಿಕೊಂಡು ಬರುವಷ್ಟರಲ್ಲಿ ಗುಂಪು ಸೇರಿತ್ತು. ಕಂಡು ಕೇಳರಿಯದ ಜನ ಹುರಿದುಂಬಿಸಿದರು. ಬಿಡಬೇಡಿ ಸರ್. ಕೆಲಸ ಕಿತ್ಕೊಳ್ಳೋ ತನಕ ಬಿಡಬೇಡಿ. ಕೆಲಸ ಹೋದ ಮೇಲೆ ಇಷ್ಟು ಜನ ಅವನ ಮಾತಿಗೆ ತಲೆಯಾಡಿಸಿದ್ದು ಇದೇ ಮೊದಲು. ಅವನಿಗೆ ನಿಜಕ್ಕೂ ಖುಷಿಯಾಯಿತು.

ನಡುವೆ ಹೆಂಡತಿಯ ತಮ್ಮ ಬರೆದ: “ಭಾವ, ಈ ಪೋಸ್ಟ್ ಈಗಲೇ ತೆಗೀರಿ. ಫೋನ್ ಎತ್ತಿ.” ಬಾಮೈದನಿಂದ ಬುದ್ಧಿವಾದ ಬೇರೆ ಕೇಡು ಎಂದು ಅವನನ್ನು ಬ್ಲಾಕ್ ಮಾಡಿದ.

ಮಿತ್ರನ ಸಾಲು ತಡವಾಗಿ ಬಂತು. “ಸರ್, ಇನ್ನೊಂದು ಸಲ ನೀವು ಒಂದೇ ನಕ್ಷತ್ರ ಕೊಟ್ಟರೆ ನನ್ನ ಕೆಲಸ ಹೋಗುತ್ತದೆ. ಮೇಲಿನವರು ಬೆಳಿಗ್ಗೆಯೇ ಹೇಳಿದ್ದಾರೆ.”

“ಹೋಗಲಿ.”

“ಈ ಸಂಬಳದ ಮೇಲೆ ಒಂದು ಮನೆ ನಡೆಯುತ್ತಿದೆ ಸರ್.”

“ಆ ಮನೆ ಬಿದ್ದು ಹೋದರೆ ನನಗೇನು?”

ಪರದೆಯ ಮೇಲೆ ಮೂರು ಚುಕ್ಕೆ ಮೂಡಿ ಅಳಿಸಿಹೋದವು. ಮತ್ತೆ ಮೂಡಿದವು.

“ಸರಿ ಸರ್. ನಿಮ್ಮಿಷ್ಟ.”

ಒಂದು ನಕ್ಷತ್ರ ಒತ್ತಿದ. ತನ್ನನ್ನು ಮನೆಗೆ ಕಳಿಸಿದ ದಿನ ಆ ಗಿರಾಕಿಗೂ ಹೀಗೇ ಹಾಯೆನಿಸಿರಬೇಕು ಎಂದುಕೊಂಡ. ಮಧ್ಯಾಹ್ನದ ಹೊತ್ತಿಗೆ ಕಂಪನಿ ಎಲ್ಲರೆದುರು ಕ್ಷಮೆ ಕೇಳಿತು: ‘ಸಂಬಂಧಪಟ್ಟ ಸಿಬ್ಬಂದಿಯನ್ನು ಕೆಲಸದಿಂದ ತೆಗೆದಿದ್ದೇವೆ.’ ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿದವು. ಅವನು ಒಂದೊಂದಕ್ಕೂ ಧನ್ಯವಾದ ಹೇಳುತ್ತಾ ಕುಳಿತ.

ಬಾಗಿಲು ತೆರೆದಾಗ ಇನ್ನೂ ಬಿಸಿಲಿತ್ತು. ಹೆಂಡತಿ ಚೀಲವನ್ನು ಮೇಜಿನ ಮೇಲಿಟ್ಟು, ಅಡುಗೆಮನೆಗೆ ಹೋಗಿ ನೀರು ಕುಡಿದಳು.

“ಬೇಗ ಬಂದೆ? ಒಳ್ಳೇದಾಯ್ತು, ಕೇಳಿಲ್ಲಿ,” ಎಂದ ಅವನು, ಫೋನಿನಿಂದ ಕಣ್ಣೆತ್ತದೆ. “ಇವತ್ತೊಬ್ಬನಿಗೆ ಸರಿಯಾಗಿ ಬುದ್ಧಿ ಕಲಿಸಿದೆ.”

“ಅವನು ಹೇಳಿದ್ದು ಸುಳ್ಳಾ?”

“ಸುಳ್ಳೋ ನಿಜಾನೋ, ಗಿರಾಕಿಗೆ ಎದುರು ಮಾತಾಡಬಾರದು. ಅನುಭವಿಸಲಿ.”

ಅವಳು ಲೋಟ ತೊಳೆದು ಬೋರಲು ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡು ಬಂದು, ಸೋಫಾದ ಇನ್ನೊಂದು ತುದಿಯಲ್ಲಿ ಕುಳಿತಳು.

“ಅಂಗಿ ದುಡ್ಡು ನಾಳೆ ಬರತ್ತೆ ರೀ,” ಎಂದಳು. “ಅವರು ನನ್ನನ್ನ ಎದ್ದು ಹೋಗು ಅನ್ನೋಕೆ ಮುಂಚೆ, ನಾನೇ ಮಂಜೂರು ಮಾಡಿ ಬಂದೆ.”