ಒರೆಸದೆ ಉಳಿದ ನಾಣ್ಯ

"ಅಯ್ಯೋ, ಒರೆಸಬೇಡಿ ತಾಯಿ!" ಎಂದು ನಾಣ್ಯದಂಗಡಿಯ ಮುದುಕ ಕೂಗಿದಾಗ ಟೈಲರಮ್ಮನ ಕರವಸ್ತ್ರ ಇನ್ನೇನು ನಾಣ್ಯಕ್ಕೆ ತಾಗುವುದರಲ್ಲಿತ್ತು. ತೀರಿಹೋದ ಗಂಡ ಜೋಪಾನವಾಗಿಟ್ಟಿದ್ದ ಬೆಳ್ಳಿ ನಾಣ್ಯ ಅದು. ತನ್ನ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ತೂಕದ ಬೆಲೆಗೆ ಮಾರಲು ತಂದಿದ್ದಳು. ಹೊಳೆದರೆ ನಾಲ್ಕು ಕಾಸು ಹೆಚ್ಚು ಸಿಕ್ಕೀತು ಎಂಬ ಆಸೆ ಬೇರೆ.

ಮುದುಕ ಅಂಚನ್ನಷ್ಟೇ ಹಿಡಿದು ನಾಣ್ಯವನ್ನು ಬೆಳಕಿಗೆ ವಾಲಿಸಿ, ಭೂತಗನ್ನಡಿಯನ್ನು ಅವಳ ಕೈಗಿಟ್ಟ. ನಾಣ್ಯದ ಮೈ ಕನ್ನಡಿಯಂತೆ ನುಣುಪಾಗಿತ್ತು. ಅದರ ಮೇಲಿನ ಹಕ್ಕಿ ಮಾತ್ರ ಇಬ್ಬನಿ ಕವಿದಂತೆ ಮಬ್ಬು ಬಿಳುಪು.

"ಇದು ಕೈಯಿಂದ ಕೈಗೆ ಓಡಾಡಿದ ನಾಣ್ಯ ಅಲ್ಲಮ್ಮ. ಮೆರುಗು ಕೊಟ್ಟ ಅಚ್ಚಲ್ಲಿ ಎರಡೆರಡು ಸಲ ಒತ್ತಿ, ಸಂಗ್ರಹ ಮಾಡೋರಿಗೇ ಅಂತ ಮಾಡಿದ್ದು. ಮಾಡಿದ್ದೇ ಕೆಲವು ನೂರು. ಒಂದು ಸಲ ಉಜ್ಜಿದ್ರೆ ಗೀರು ಬಿದ್ದು ಬರೀ ಬೆಳ್ಳಿ ಆಗ್ತಿತ್ತು. ಹೀಗೇ ಇದ್ರೆ ತೂಕದ ಬೆಲೆಯ ನಲವತ್ತು ಪಟ್ಟು ಕೊಡೋರಿದ್ದಾರೆ. ನನ್ನ ಹತ್ರ ಅಷ್ಟಿಲ್ಲ. ಹರಾಜು ಹಾಕೋರಿಗೆ ಚೀಟಿ ಬರೆದುಕೊಡ್ತೀನಿ."

ಅವಳು ಕರವಸ್ತ್ರ ಮಡಚಿ ಚೀಲಕ್ಕೆ ಸೇರಿಸಿದಳು. "ನೀವು ಸುಮ್ನೆ ತೂಕ ಹಾಕಿ ತಗೊಂಡಿದ್ರೂ ನನಗೆ ಗೊತ್ತಾಗ್ತಿರಲಿಲ್ಲವಲ್ಲ ಯಜಮಾನ್ರೇ!"

"ನಿಮಗೆ ಗೊತ್ತಾಗ್ತಿರಲಿಲ್ಲ. ನನಗೆ ನಿದ್ದೆ ಬರ್ತಿರಲಿಲ್ಲ. ಈ ವಯಸ್ಸಲ್ಲಿ ಅದು ಮೊದಲೇ ಕಮ್ಮಿ," ಎಂದು ನಗುತ್ತಾ ಅವನು ಚೀಟಿ ಬರೆದು ಚಾಚಿದ.

ಅವಳ ಕಣ್ಣು ತುಂಬಿ ಬಂತು. ಅವನ ಅಂಗಿಯ ತೋಳಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಅವಳು ಚೀಲದಿಂದ ಸೂಜಿದಾರ ತೆಗೆದು, "ಕೈ ಅಲ್ಲಾಡಿಸಬೇಡಿ," ಎಂದು ಅಲ್ಲೇ ಹೊಲಿಯತೊಡಗಿದಳು.