ಹಿಡಿಯಬಾರದ ಚೆಂಡು

"ಕೈಗೇ ಬಂದ್ರೂ ಹಿಡೀಬೇಡ ಕಣೋ. ಹೊಡೆದು ನೆಲಕ್ಕೆ ಕೆಡವು, ಅಷ್ಟು ಸಾಕು," ಎಂದ ರಾಸ್ಕೋ. ಅಮೆರಿಕನ್ ಫುಟ್‌ಬಾಲ್ ತಂಡದ ರಕ್ಷಣೆಯವರಿಗೆಲ್ಲ ಅವನೇ ನಾಯಕ. ಮಾತಿನ ಜೊತೆಗೆ ಉಸಿರೂ ಬೆಳ್ಳಗೆ ಹೊಗೆಯಾಡಿತು.

"ನನ್ನ ಕೈಗೆ ಅದು ಯಾವತ್ತು ಬಂದಿದೆ ಹೇಳು," ಎಂದ ಜರೆಲ್.

"ಅದೂ ನಿಜ. ನಿಂದು ಕೈಯಲ್ಲ, ಹಲಗೆ. ಅದಕ್ಕೇ ನಿನ್ನನ್ನ ಎಲ್ಲರಿಗಿಂತ ಹಿಂದೆ ನಿಲ್ಲಿಸಿರೋದು."

ತಲೆಗೆ ತಲೆ ಸೇರಿಸಿ ನಿಂತಿದ್ದವರೆಲ್ಲ ನಕ್ಕರು. ಜರೆಲ್ ಕೂಡ ನಕ್ಕ. ಈರೀ ಸರೋವರದ ಕಡೆಯಿಂದ ಹಿಮ ಅವಸರವಿಲ್ಲದೆ ಇಳಿಯುತ್ತಿತ್ತು. ಜರೆಲ್‌ನ ತಂಡ ಎರಡೇ ಎರಡು ಅಂಕ ಮುಂದಿತ್ತು. ಸೋತರೆ ಈ ವರ್ಷದ ಆಟ ಇಲ್ಲಿಗೇ ಮುಗಿಯಿತು. ಎದುರಾಳಿಗಳಿಗೆ ಇದು ನಾಲ್ಕನೆಯ ಯತ್ನ, ಕೊನೆಯದು. ಅವರೆಸೆದ ಚೆಂಡು ನೆಲಕ್ಕೆ ಬಿದ್ದರೆ, ಅವರು ಈಗ ನಿಂತಿರುವ ನಡು ಮೈದಾನದಿಂದಲೇ ಆಟ ಇವರ ಕೈಗೆ ಬರುತ್ತದೆ. ಹಿಡಿದರೂ ಬರುತ್ತದೆ, ಆದರೆ ಹಿಡಿದವನು ಬಿದ್ದ ಜಾಗದಿಂದ, ತಮ್ಮದೇ ಗೋಲಿನ ಗೆರೆಗೆ ಬೆನ್ನು ಹಚ್ಚಿಕೊಂಡು ಶುರು ಮಾಡಬೇಕು. ಶಾಲೆಯಲ್ಲಿ ಆಡುವವರಿಗೂ ಗೊತ್ತಿರುವ ಸಂಗತಿ.

ಎದುರಾಳಿಯ ಎಸೆತದಿಂದ ಹೀಗೆ ಕಸಿದ ಚೆಂಡಿಗೆ ಬಣ್ಣ ಬಳಿದು, ಎದುರಾಳಿಯ ಹೆಸರು ಬರೆದು, ಕಸಿದವನಿಗೇ ಕೊಟ್ಟುಬಿಡುವುದು ಇಲ್ಲಿನ ರೂಢಿ. ರಾಸ್ಕೋನ ಮನೆಯಲ್ಲಿ ಅಂಥವು ಗೋಡೆ ತುಂಬ ಇವೆ. ಜರೆಲ್‌ಗೆ ಎಂಟು ವರ್ಷದಲ್ಲಿ ಒಂದೂ ಸಿಕ್ಕಿಲ್ಲ. ಅಲಬಾಮಾದಲ್ಲಿರುವ ಅವನ ತಾಯಿ ಮೊದಲ ವರ್ಷವೇ ಅಂಥ ಚೆಂಡಿಗೆಂದು ಒಂದು ಮರದ ಪೀಠ ತಂದು ಟೀವಿ ಪಕ್ಕದಲ್ಲಿಟ್ಟಿದ್ದಳು. ಚರ್ಚಿಗೆ ಹೊರಡುವ ಮುಂಚೆ ಪ್ರತಿ ಭಾನುವಾರ ಅದರ ಧೂಳು ಒರೆಸುತ್ತಾಳೆ. ಅದರ ಮೇಲೆ ಬೇರೇನನ್ನೂ ಇಡಗೊಡುವುದಿಲ್ಲ. ಅವನ ಮಂಡಿ ಇನ್ನೊಂದು ವರ್ಷ ತಡೆಯುವುದಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿಲ್ಲ.

ಚೆಂಡು ಮೇಲೆದ್ದಿತು. ತೀರಾ ಎತ್ತರಕ್ಕೆ ಹೋಯಿತು, ಹಿಮದಲ್ಲಿ ಒಂದಿಷ್ಟು ಹೊತ್ತು ಕಾಣದಾಯಿತು. ಜರೆಲ್ ಹಿಂದೆ ಹಿಂದೆ ಓಡಿದ. ಜನರ ಕೂಗು ನೀರಿನ ಅಡಿಯಿಂದ ಕೇಳಿದ ಹಾಗೆ ದೂರವಾಯಿತು, ಆಮೇಲೆ ಇಲ್ಲವೇ ಆಯಿತು. ಮಂಡಿಯ ನೋವೂ ಇಲ್ಲ. ಚೆಂಡು ಮತ್ತೆ ಕಂಡಿತು. ನಿದ್ದೆಗಣ್ಣಿನಲ್ಲಿ ನಡೆದು ಬರುವ ಮಗುವಿನ ಹಾಗೆ, ಬೇರೆ ಯಾರನ್ನೂ ನೋಡದೆ, ನೇರ ಅವನ ಕಡೆಗೇ ಬರುತ್ತಿತ್ತು. ಅದರ ಬಿಳಿ ಹೊಲಿಗೆ ಮೆಲ್ಲಗೆ ತಿರುಗುವುದೂ ಕಾಣುತ್ತಿತ್ತು. ಕೆಡವಬೇಕಾದರೆ ಅಂಗೈ ಮುಂದಕ್ಕೆ ಹೋಗಬೇಕು. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಂಗೈಗಳು ಬೊಗಸೆಯಾಗುವುದನ್ನು, ಬೇರೆ ಯಾರದೋ ಕೈ ನೋಡುವಂತೆ ನೋಡುತ್ತ ನಿಂತ.

ಹಿಮದಲ್ಲಿ ಮಕಾಡೆ ಬಿದ್ದಾಗ ಚೆಂಡು ಎದೆಯ ಕೆಳಗೇ ಇತ್ತು. ಹೋದ ಸದ್ದೆಲ್ಲ ಒಟ್ಟಿಗೆ ಮರಳಿ ಬಂತು. ಊರಿಗೆ ಊರೇ ಎದ್ದು ಅವನ ಹೆಸರು ಕೂಗುತ್ತಿತ್ತು. ಜೊತೆಯವರು ಓಡಿಬಂದು ಬೆನ್ನಿಗೆ ಗುದ್ದಿದರು. ರಾಸ್ಕೋ ಓಡಲಿಲ್ಲ, ನಡೆದು ಬಂದ.

"ಹಿಡಿದೆ."

"ಹಿಡಿದೆ ಕಣೋ," ಎಂದ ಜರೆಲ್.

"ಎಲ್ಲಿ ಹಿಡಿದೆ, ಸ್ವಲ್ಪ ಕೆಳಗೆ ನೋಡು."

ಜರೆಲ್ ನೋಡಿದ. ತಮ್ಮ ಗೆರೆ ನಾಲ್ಕು ಹೆಜ್ಜೆ ಹಿಂದೆ ಇತ್ತು.

ಆಮೇಲಿನದು ಎಲ್ಲರೂ ಹೆದರಿದ್ದ ಹಾಗೆಯೇ ನಡೆಯಿತು. ಗೆರೆಗೆ ಒತ್ತಿಕೊಂಡಿದ್ದ ಇವರ ಹುಡುಗರಿಗೆ ಮೂರು ಯತ್ನದಲ್ಲೂ ಅಲ್ಲಾಡಲು ಜಾಗ ಸಿಗಲಿಲ್ಲ. ಚೆಂಡನ್ನು ಒದ್ದು ದೂರ ಮಾಡೋಣವೆಂದರೆ ಎದುರುಗಾಳಿ ಅದನ್ನು ಹತ್ತಿರದಲ್ಲೇ ಕೆಡವಿತು. ಎದುರಾಳಿಗಳು ಎರಡು ಸಣ್ಣ ಎಸೆತಗಳಲ್ಲಿ ಇನ್ನಷ್ಟು ಒಳಗೆ ಬಂದರು. ಉಳಿದಿದ್ದು ಇನ್ನೊಂದೇ ಒದೆತದ ಹೊತ್ತು. ಅದು ಎರಡು ಕಂಬಗಳ ನಡುವೆ ಹಾದರೆ ಅವರಿಗೆ ಮೂರು ಅಂಕ, ಅಲ್ಲಿಗೆ ಗೆಲುವು.

ಒದೆತ ತಡೆಯಲು ನಿಲ್ಲುವ ಗುಂಪೇ ಬೇರೆ. ಉಳಿದವರು ಮೈದಾನದ ಅಂಚಿಗೆ ಬಂದರು. ಜರೆಲ್ ಬೆಂಚಿನ ಮೇಲೆ ತನ್ನ ಕೋಟಿನಡಿ ಇಟ್ಟುಹೋಗಿದ್ದ, ತಾನು ಕಸಿದ ಚೆಂಡನ್ನು ತೆಗೆದುಕೊಂಡ. ಇಂಥ ಹೊತ್ತಿನಲ್ಲಿ ಎಲ್ಲರೂ ಸಾಲಾಗಿ ಮಂಡಿಯೂರಿ, ಪಕ್ಕದವನ ಕೈ ಹಿಡಿದು ಕೂರುತ್ತಾರೆ. ಹೇಳಿಕೊಟ್ಟವರು ಯಾರೋ, ಬಿಟ್ಟವರಂತೂ ಇಲ್ಲ. ಬಲಗಡೆ ರಾಸ್ಕೋ ಕೂತ. ಜರೆಲ್‌ನ ಬಲಗೈ ತೆಗೆದುಕೊಂಡ. ಆ ಕೈಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಜರೆಲ್‌ಗೆ.

ಎಡಗಡೆ ಮಟಾಯ್. ಗುಡ್ಡದಂಥ ಆಳು, ಸಮೋವಾ ದ್ವೀಪದವನು.

"ಕೈ ಕೊಡು ಗುರೂ," ಎಂದ.

ಜರೆಲ್‌ನ ಎಡಗೈ ಚೆಂಡನ್ನು ಎದೆಗೆ ಒತ್ತಿಕೊಂಡಿತ್ತು.

"ಕೆಳಗಿಡೋ ಅದನ್ನ. ಎಲ್ಲೂ ಹೋಗಲ್ಲ."

"ಇಡ್ತೀನಿ," ಎಂದ ಜರೆಲ್.

ಚೆಂಡು ಮೇಲೆದ್ದಿತು. ಸಾಲಿನ ಮುಖಗಳೆಲ್ಲ ಆ ಒದ್ದ ಚೆಂಡಿನ ಹಿಂದೆಯೇ ಎದ್ದವು. ಜರೆಲ್ ತಲೆ ಎತ್ತಲಿಲ್ಲ. ಯಾರೋ ಮೇಲಿನಿಂದ ಕಂಬಳಿ ಹೊದಿಸಿದ ಹಾಗೆ ಅಷ್ಟು ದೊಡ್ಡ ಕ್ರೀಡಾಂಗಣ ಸದ್ದಡಗಿತು. ತಮ್ಮೂರ ಜನ ಹೀಗೆ ಸುಮ್ಮನಾದರೆ ಏನೆಂದು ನೋಡಿ ತಿಳಿಯಬೇಕಾಗಿರಲಿಲ್ಲ. ಅವನು ಎಡಕ್ಕೆ ನೋಡಿದ. ಮಟಾಯ್‌ನ ಅಂಗೈ ಇನ್ನೂ ಚಾಚಿಕೊಂಡೇ ಇತ್ತು. ಅದರಲ್ಲಿ ಹಿಮ ಕೂರತೊಡಗಿತ್ತು.